ನಾದಾರಿಯಿಂದ ಶಿಷ್ಯವೃತ್ತಿಯವರೆಗೆ

ಬಡವರ ಮಕ್ಕಳು ಕಾಲೇಜಿನ ಮೆಟ್ಟಿಲೇರಬೇಕಾದರೆ ಬುದ್ಧಿಯೊಂದೇ ಸಾಲದು. ಶುಲ್ಕ, ಅನ್ನ, ವಸತಿ ಈ ಮೂರೂ ಒದಗಬೇಕು. ಜತ್ತ ಸೀಮೆಯವರಿಗೆ ಇವು ಯಾವ ಕಾಲಕ್ಕೆ ಹೇಗೆ ಒದಗಿದವೆಂಬುದನ್ನು ಅರಿಯುವುದು ನಮ್ಮ ಮಕ್ಕಳ ಹಿತಕ್ಕೆ ಅವಶ್ಯವಾಗಿದೆ.

ಡಫಳೆ ಮನೆತನದ ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಇಲ್ಲಿ ಕಾಲೇಜಿರಲಿಲ್ಲ. 1919ರಲ್ಲಿ ಆರಂಭವಾದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಬೋಧಿಸಲು ರಂ. ಶ್ರೀ. ಮುಗಳಿಯವರಂಥ ವಿದ್ವಾಂಸರಿದ್ದರು, ಆದರೆ ಉಮದಿ, ಸಂಖಗಳ ಒಣಬೇಸಾಯದ ರೈತನಿಗೆ ಪರಸ್ಥಳದ ವೆಚ್ಚ ನಿಲುಕುವಂತಿರಲಿಲ್ಲ. ವಾರಾನ್ನ, ಮಠಗಳ ಪ್ರಸಾದನಿಲಯ, ಜಾತಿವಾರು ವಸತಿಗೃಹಗಳೇ ಅಂದಿನ ಬಡ ವಿದ್ಯಾರ್ಥಿಗಳ ಆಸರೆ. ಇವು ಪುಣ್ಯಕಾರ್ಯಗಳೇ ನಿಜ. ಆದರೆ ದಾನವು ದಾತನ ಮನಸ್ಸನ್ನು ಅವಲಂಬಿಸಿರುತ್ತದೆ.

ದಾನವು ಹಕ್ಕಾಗಿ ಪರಿಣಮಿಸಿದ್ದು ಸರಕಾರ ಮುಂದೆ ಬಂದಾಗ. ದಲಿತರ ಶಿಕ್ಷಣಕ್ಕೆ ಧನಸಹಾಯ ಬೇಕೆಂದು ಡಾ. ಅಂಬೇಡಕರರು 1942ರಲ್ಲಿ ವೈಸರಾಯರಿಗೆ ಮನವಿ ಸಲ್ಲಿಸಿದರು. 1944ರಲ್ಲಿ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ಶಿಷ್ಯವೃತ್ತಿ ಆರಂಭವಾಯಿತು. 1959ರಲ್ಲಿ ದ್ವಿಭಾಷಾ ಮುಂಬಯಿ ರಾಜ್ಯವು, ಜಾತಿಯನ್ನು ನೋಡದೆ ಆದಾಯವನ್ನೇ ಪ್ರಮಾಣವಾಗಿಟ್ಟು, ಆರ್ಥಿಕವಾಗಿ ಹಿಂದುಳಿದವರ ಶುಲ್ಕವನ್ನು ಮಾಫಿ ಮಾಡಿತು. ಅದೇ ನಮ್ಮ ಹಿರಿಯರು ಕಂಡ ‘ಇ.ಬಿ.ಸಿ.’ ನಾದಾರಿ. ವಾರ್ಷಿಕ ಆದಾಯದ ಮಿತಿ ಮೊದಲು 900 ರೂಪಾಯಿ, ಅನಂತರ 1200 ರೂಪಾಯಿ. 1969ರಲ್ಲಿ ಜತ್ತದಲ್ಲಿಯೇ ರಾಜೇ ರಾಮರಾವ್ ಮಹಾವಿದ್ಯಾಲಯ ತೆರೆದ ಮೇಲೆ ಅನ್ನ, ವಸತಿಗಳ ಭಾರವೂ ಎಷ್ಟೋ ಇಳಿಯಿತು.

2016ರಲ್ಲಿ ಮಹಾರಾಷ್ಟ್ರ ಸರಕಾರವು ರಾಜರ್ಷಿ ಶಾಹೂ ಮಹಾರಾಜರ ಹೆಸರಿನ ಯೋಜನೆಯಿಂದ ವೃತ್ತಿಶಿಕ್ಷಣದ ಬೋಧನಾ ಶುಲ್ಕದ ಅರ್ಧವನ್ನು ಭರಿಸತೊಡಗಿತು. 2024ರಿಂದ, 8 ಲಕ್ಷ ರೂಪಾಯಿಯೊಳಗಿನ ಆದಾಯವುಳ್ಳ ಹಿಂದುಳಿದ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದ ಬೋಧನಾ ಮತ್ತು ಪರೀಕ್ಷಾ ಶುಲ್ಕಗಳು ಪೂರ್ಣ ಮಾಫಿಯಾಗಿವೆ. ಇತ್ತ ಕರ್ನಾಟಕವು ತನ್ನ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯನ್ನಿತ್ತು, ಜತ್ತ ತಾಲೂಕನ್ನು ಹೆಸರಿಸಿದೆ. ಆದರೆ ಪ್ರವೇಶದ ಅರ್ಹತೆ ಬೇರೆ, ಧನಸಹಾಯ ಬೇರೆ ಎಂಬುದನ್ನು ಪಾಲಕರು ಮರೆಯಬಾರದು.

ಹಕ್ಕು ದೊರೆತರೂ ಅದನ್ನು ಪಡೆಯುವ ದಾರಿ ಸುಗಮವಲ್ಲ. ತಹಸೀಲ್ದಾರರ ಆದಾಯ ದಾಖಲೆ, ಬ್ಯಾಂಕ್ ಖಾತೆ, ಅಂತರ್ಜಾಲದ ಅರ್ಜಿ ಇವುಗಳಲ್ಲಿ ಒಂದು ತಪ್ಪಿದರೂ ಶಿಷ್ಯವೃತ್ತಿ ಕೈತಪ್ಪೀತು. ಕನ್ನಡದಲ್ಲಿ ಓದಿದ ಮನೆಯವರಿಗೆ ಮರಾಠಿಯ ಕಾಗದಪತ್ರಗಳು ಇನ್ನಷ್ಟು ತೊಡಕು. ಹಿಂದೆ ವಾರಕ್ಕೊಂದು ದಿನ ಅನ್ನವಿಕ್ಕಿ ಪರರ ಮಗನನ್ನು ಓದಿಸಿದ ಊರು ನಮ್ಮದು. ಇಂದು ಅಕ್ಷರ ಬಲ್ಲವರು ನೆರೆಮನೆಯ ಮಗುವಿನ ಅರ್ಜಿಯನ್ನು ಸಕಾಲದಲ್ಲಿ ತುಂಬಿಸಿಕೊಟ್ಟರೆ, ಅದೇ ಈ ಕಾಲದ ವಾರಾನ್ನ.