ಹತ್ತು ಮಂದಿಯ ನಿದ್ದೆ

1908ರಲ್ಲಿ ‘ಬಯೋಮೆಟ್ರಿಕ’ ಪತ್ರಿಕೆಯಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನ ಲೇಖನವೊಂದು ಬಂತು. ಬರೆದವನು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ ವಿಲಿಯಂ ಸೀಲಿ ಗಾಸೆಟ್. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ. ಅವನ ತೊಡಕು ವ್ಯಾವಹಾರಿಕವಾದದ್ದು. ಆಗಿನ ಸಂಖ್ಯಾಶಾಸ್ತ್ರ ನೂರಾರು ಅಳತೆ ಬೇಡುತ್ತಿತ್ತು. ಬಾರ್ಲಿಯ ಪ್ರಯೋಗಗಳು ಕೊಡುತ್ತಿದ್ದದ್ದು ಬೆರಳೆಣಿಕೆಯಷ್ಟು. ನಾಲ್ಕೇ ಅಳತೆಗಳ ಸರಾಸರಿಯನ್ನು ಎಷ್ಟು ನಂಬಬಹುದು? ತನ್ನ ಲೆಕ್ಕ ಸರಿಯೇ ಎಂದು ನೋಡಲು ಗಾಸೆಟ್ 3000 ಅಪರಾಧಿಗಳ ಎತ್ತರ ಮತ್ತು ಬೆರಳಿನ ಉದ್ದವನ್ನು ರಟ್ಟಿನ ಚೀಟಿಗಳಲ್ಲಿ ಬರೆದು, ಇಸ್ಪೀಟಿನ ಹಾಗೆ ಕಲಸಿ, ನಾಲ್ಕು ನಾಲ್ಕರ 750 ಗುಂಪು ಮಾಡಿದ. ಇಂದು ಕಂಪ್ಯೂಟರಿಗೆ ಕ್ಷಣದ ಕೆಲಸ.

ಉದಾಹರಣೆಗೆಂದು ಅವನು ಎತ್ತಿಕೊಂಡದ್ದು ಅಮೆರಿಕದ ಮಿಶಿಗನ್‌ನಿಂದ ಬಂದ ಅಂಕಿಗಳನ್ನು. ಕಲಮಜೂ ಊರಿನ ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ನಿದ್ದೆಯ ಮದ್ದುಗಳನ್ನು ಕೊಟ್ಟು ನೋಡಿದ್ದನ್ನು ಕಷ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ್ದರು. ಗಾಸೆಟ್ ಆರಿಸಿಕೊಂಡ ಹತ್ತು ರೋಗಿಗಳಿಗೆ ಮೊದಲ ಮದ್ದಿನಿಂದ ಸರಾಸರಿ 0.75 ಗಂಟೆ, ಎರಡನೆಯದರಿಂದ 2.33 ಗಂಟೆ ಹೆಚ್ಚು ನಿದ್ದೆ. ಎರಡನೆಯದೇ ಮೇಲು ಎನ್ನಲು ಇಷ್ಟು ಸಾಕೆ? ಸಾಲದು. ಮೊದಲ ಮದ್ದಿಗೆ ಒಬ್ಬರ ನಿದ್ದೆ 1.6 ಗಂಟೆ ಕಡಿಮೆಯಾಗಿತ್ತು, ಇನ್ನೊಬ್ಬರದು 3.7 ಗಂಟೆ ಹೆಚ್ಚಾಗಿತ್ತು. ಮನುಷ್ಯರ ನಡುವಿನ ಈ ಏರುಪೇರಿನಲ್ಲಿ ಮದ್ದುಗಳ ನಡುವಿನ ವ್ಯತ್ಯಾಸ ಮುಚ್ಚಿಹೋಗಬಹುದು. ಇವರು ಬೇರೆ ಬೇರೆ ಇಪ್ಪತ್ತು ಮಂದಿ ಎಂದುಕೊಂಡು ಲೆಕ್ಕ ಹಾಕಿದರೆ, ಸರಾಸರಿಗಳ ಅಂತರ ಅದರ ಪ್ರಮಾಣ ದೋಷದ 1.86 ಪಟ್ಟು ಮಾತ್ರ. ಕಾಕತಾಳೀಯ ಎಂದು ತಳ್ಳಿಹಾಕಬಹುದು. ಆದರೆ ಎರಡೂ ಮದ್ದು ನುಂಗಿದವರು ಅದೇ ಹತ್ತು ಮಂದಿ. ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಿದರೆ ಒಂಬತ್ತು ಮಂದಿಗೆ ಎರಡನೆಯದೇ ಮೇಲು, ಒಬ್ಬರಿಗೆ ಎರಡೂ ಒಂದೇ. ಸರಾಸರಿ ಅಂತರ ಅದೇ 1.58 ಗಂಟೆ, ಆದರೆ ಈಗ ದೋಷದ 4.06 ಪಟ್ಟು.

‘ಶೂನ್ಯ ಕಲ್ಪನೆ’ ಎಂಬ ಪಾಠಪುಸ್ತಕದ ಬಿಗುಮಾತು ಈ ಲೇಖನದಲ್ಲಿಲ್ಲ; ಅದು ರೊನಾಲ್ಡ್ ಫಿಶರ್ 1935ರಲ್ಲಿ ಚಲಾವಣೆಗೆ ತಂದದ್ದು. ಗಾಸೆಟ್ ಬಾಜಿ ಕಟ್ಟುವವರ ಭಾಷೆಯಲ್ಲೇ ಹೇಳಿದ: ಎರಡನೆಯ ಮದ್ದು ಮೇಲು ಎಂಬುದಕ್ಕೆ 666ಕ್ಕೆ 1. ಅದೇ ಹೆಚ್ಚು ಪ್ರಾಮಾಣಿಕ ಭಾಷೆ ಅನ್ನಿಸುತ್ತದೆ.

ಎಡವಟ್ಟಾದದ್ದು ಹೆಸರಿನಲ್ಲಿ. ಒಂದೇ ವಸ್ತುವಿನ, ಅಂದರೆ ಹಯೋಸಯಮೀನ್‌ನ, ಬಲಗೈ-ಎಡಗೈಯಂಥ ಎರಡು ರೂಪಗಳನ್ನು ಹೋಲಿಸುತ್ತಿದ್ದೇನೆ ಎಂದು ಗಾಸೆಟ್ ಬರೆದ. ಅಂಕಣಗಳಲ್ಲಿದ್ದದ್ದು ಬೇರೆ ಬೇರೆ ಎರಡು ಮದ್ದು: ಹಯೋಸಯಮೀನ್ ಮತ್ತು ಹಯೋಸಿನ್. ಕಷ್ನಿಯ ಕುತೂಹಲವಿದ್ದದ್ದು ಹಯೋಸಿನ್‌ನದೇ ಎರಡು ರೂಪಗಳ ಬಗ್ಗೆ. ಆ ಇನ್ನೊಂದು ಅಂಕಣವನ್ನು ಗಾಸೆಟ್ ಬಳಸಲೇ ಇಲ್ಲ. ಅಂದರೆ ಈ ಪ್ರಸಿದ್ಧ ಪರೀಕ್ಷೆ ಪ್ರಯೋಗ ಮಾಡಿದವರು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿತು, ಅದೂ ತಪ್ಪು ಚೀಟಿ ಅಂಟಿಸಿ. ಲೆಕ್ಕ ಮಾತ್ರ ನಿಖರ. 1925ರಲ್ಲಿ ಫಿಶರ್ ಅದೇ ಹೆಸರುಗಳನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡ, ಅಲ್ಲಿಂದ ತಪ್ಪು ತರಗತಿಗಳಿಗೆ ಹರಿಯಿತು. ಸ್ಟೀಫನ್ ಸೆನ್ ಮತ್ತು ವಿಲಿಯಂ ರಿಚರ್ಡ್‌ಸನ್ ಈ ಕಥೆಯನ್ನೆಲ್ಲ ಕೆದಕಿ ಬರೆದದ್ದು 1994ರಲ್ಲಿ.

‘ಆರ್’ ಎಂಬ ಉಚಿತ ತಂತ್ರಾಂಶದಲ್ಲಿ ‘ಸ್ಲೀಪ್’ ಎಂದು ಟೈಪ್ ಮಾಡಿದರೆ ಇಂದಿಗೂ ಆ ಹತ್ತು ಮಂದಿ ಇಪ್ಪತ್ತು ಸಾಲುಗಳಲ್ಲಿ ಬಂದು ನಿಲ್ಲುತ್ತಾರೆ, 1ರಿಂದ 10ರವರೆಗಿನ ಸಂಖ್ಯೆಗಳಾಗಿ.