ಪರ್ವತವಿಪತ್ತುಗಳ ಅಧ್ಯಯನ: ಆಲ್ಪ್ಸ್ ಪ್ರದೇಶದ ಚರಿತ್ರೆ

ನಮ್ಮ ಮಲೆನಾಡಿನವರು ಗುಡ್ಡ ಜರಿಯುವುದೆನ್ನುವ ಉತ್ಪಾತ, ಹಿಮಕುಸಿತ, ಬೆಟ್ಟದ ತೊರೆಗಳ ಹಠಾತ್ಪ್ರವಾಹ ಇವುಗಳ ಕಾರಣವನ್ನೂ ಗತಿಯನ್ನೂ, ಅವುಗಳಿಂದ ಜನವಸತಿಗೆ ಒದಗಬಹುದಾದ ಅಪಾಯದ ಪ್ರಮಾಣವನ್ನೂ ವಿಚಾರಿಸುವ ಶಾಸ್ತ್ರವು ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಪಡೆದ ಬೆಳವಣಿಗೆಯು ದೀರ್ಘವಾದುದು. ಶಾಸ್ತ್ರಜ್ಞರಿಗಿಂತ ಬಹು ಮೊದಲೇ ಅಲ್ಲಿನ ಹಳ್ಳಿಗರು ಎಚ್ಚರಗೊಂಡಿದ್ದರು. ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಗ್ರಾಮಸ್ಥರು ತಮ್ಮ ನೆತ್ತಿಯ ಮೇಲಣ ಕಾಡಿಗೆ ಯಾರೂ ಕೊಡಲಿ ಹಾಕಕೂಡದೆಂದು 1397ರಲ್ಲಿಯೇ ಪತ್ರ ಬರೆದು ಕಟ್ಟುಮಾಡಿಕೊಂಡಿದ್ದರು. 1806ರಲ್ಲಿ ಗೋಲ್ಡೌ ಎಂಬ ಊರು 457 ಜನರೊಡನೆ ಬೆಟ್ಟದಡಿಯಲ್ಲಿ ಹುಗಿದುಹೋದಾಗ ದೇಶವೆಲ್ಲ ಮರುಗಿತು. ಆದರೆ ಮರುಕವು ವಿಚಾರಣೆಯಾಗಿ ಮಾರ್ಪಡುವುದಕ್ಕೆ ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು.

ಆ ಮಾರ್ಪಾಡಿಗೆ ನಿಮಿತ್ತವಾದುದು ಗ್ಲಾರುಸ್ ಪ್ರಾಂತದ ಎಲ್ಮ್ ಗ್ರಾಮದ ದುರಂತ. ಶಾಲೆಯ ಮಕ್ಕಳು ಬರೆಯುವ ಸ್ಲೇಟುಗಳಿಗಾಗಿ ಅಲ್ಲಿಯ ಬೆಟ್ಟದ ಬುಡವನ್ನು ಅಗೆದಗೆದು, ಮೇಲಣ ಬಂಡೆಗೆ ಊರುಗೋಲಿಲ್ಲದಂತೆ ಮಾಡಲಾಗಿತ್ತು. ನೆತ್ತಿಯಲ್ಲಿ ಬಿರುಕುಗಳು ಅಗಲವಾಗುತ್ತಿದ್ದುದನ್ನು ಹಳ್ಳಿಗರು ಕಂಡಿದ್ದರು. ಪರೀಕ್ಷೆಗೆ ಬಂದವರು ತಕ್ಷಣದ ಭಯವಿಲ್ಲವೆಂದು ಹೇಳಿ ಹಿಂದಿರುಗಿದ ಮರುದಿನವೇ, 1881ರ ಸೆಪ್ಟೆಂಬರ್ 11ರ ಸಂಜೆ, ಸುಮಾರು ಒಂದು ಕೋಟಿ ಘನಮೀಟರ್ ಬಂಡೆ ಕಳಚಿ ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಆಲ್ಬರ್ಟ್ ಹೈಮ್ ಸ್ಥಳವನ್ನು ಅಳೆದು, ಬದುಕುಳಿದವರ ಮಾತುಗಳನ್ನು ಅಳತೆಯೊಡನೆ ತಾಳೆನೋಡಿ, ಬಿದ್ದ ಕಲ್ಲು ಬಿದ್ದಲ್ಲಿಯೇ ನಿಲ್ಲದೆ ದ್ರವದಂತೆ ಸಮನೆಲದ ಮೇಲೆ ಬಹುದೂರ ಹರಿದುದನ್ನು ದಾಖಲಿಸಿದನು. ಜರಿತದ ಮೇಲ್ತುದಿಯಿಂದ ರಾಶಿಯ ಕಡೆಯಂಚಿಗೆ ಎಳೆದ ರೇಖೆಯ ಇಳಿಜಾರು, ಬಂಡೆಯ ಮೊತ್ತ ಹೆಚ್ಚಿದಂತೆಲ್ಲ ಕಡಿಮೆಯಾಗುವುದೆಂಬ ಅವನ ಗ್ರಹಿಕೆ 1932ರ ಗ್ರಂಥದಲ್ಲಿ ವಿಸ್ತಾರವನ್ನು ಪಡೆಯಿತು. ಬೆಟ್ಟ ಬೀಳುವುದೇ ಎಂಬ ಪ್ರಶ್ನೆಯ ಬದಿಯಲ್ಲಿ, ಬಿದ್ದರೆ ಎಲ್ಲಿಯವರೆಗೆ ಬರುವುದು ಎಂಬ ಪ್ರಶ್ನೆಯನ್ನು ನಿಲ್ಲಿಸಿದುದೇ ಹೈಮನ ದೊಡ್ಡ ಉಪಕಾರವೆನ್ನಬೇಕು. ಊರು ಕಟ್ಟುವವನಿಗೆ ಬೇಕಾದುದು ಎರಡನೆಯದೇ.

ಆಸ್ಟ್ರಿಯದಲ್ಲಿ 1882ರ ಮಹಾಪ್ರವಾಹಗಳ ತರುವಾಯ, ಬೆಟ್ಟದ ತೊರೆಗಳನ್ನು ಹದ್ದಿನಲ್ಲಿಡುವ ಶಾಸನ 1884ರಲ್ಲಿ ಬಂದಿತು. ವಿಯೆನ್ನದ ಕೃಷಿವಿದ್ಯಾಲಯದಲ್ಲಿ ಆ ವಿದ್ಯೆಯ ಬೋಧನೆಯೂ ನಡೆಯತೊಡಗಿತು.

ಹಿಮದ ಶಾಸ್ತ್ರ ಹುಟ್ಟಿದ ಬಗೆ ಬೇರೆ. ಹಿಮಕುಸಿತಗಳ ಮಾರ್ಗಗಳನ್ನು ಶ್ರದ್ಧೆಯಿಂದ ಗುರುತಿಸಿ 1881ರಲ್ಲಿ ಗ್ರಂಥ ಪ್ರಕಟಿಸಿದ ಯೋಹಾನ್ ಕೋಆಟ್ಸ್ ಅರಣ್ಯಾಧಿಕಾರಿಯೇ ಹೊರತು ಅಧ್ಯಾಪಕನಲ್ಲ. ಹಿಮದ ಒಳಗನ್ನು ನೋಡುವ ಕೆಲಸ 1936ರಿಂದ ದಾವೋಸಿನ ಮೇಲೆ, 2,600 ಮೀಟರಿಗೂ ಎತ್ತರದ ವೈಸ್‌ಫ್ಲೂಯೋಕ್‌ನಲ್ಲಿ, ಒಂದು ಮರದ ಗುಡಿಸಲಿನಿಂದ ಮೊದಲಾಯಿತು. ಖನಿಜಶಾಸ್ತ್ರಜ್ಞ ಪೌಲ್ ನಿಗ್ಲಿಯ ಪ್ರೇರಣೆಯಿಂದ ಹರಳುಗಳನ್ನು ಬಲ್ಲವರೂ ಮಣ್ಣಿನ ಬಲವನ್ನು ಅಳೆಯಬಲ್ಲ ರಾಬರ್ಟ್ ಹೆಫೆಲಿಯಂಥ ಎಂಜಿನಿಯರರೂ ಅಲ್ಲಿ ಒಂದುಗೂಡಿದರು. ಗುಂಡಿ ತೋಡಿ ಹಿಮದ ಗೋಡೆಯನ್ನು ಪದರಪದರವಾಗಿ ಪರೀಕ್ಷಿಸಿದಾಗ ಕಂಡುದು ವಿಸ್ಮಯಕರವಾದುದು: ಬುಡದ ಬೆಚ್ಚನೆಯ ಹಿಮದಿಂದ ಎದ್ದ ಆವಿ ಮೇಲಣ ತಣ್ಣನೆಯ ಪದರಕ್ಕೆ ಏರುತ್ತ ದಾರಿಯಲ್ಲಿ ಬಟ್ಟಲಿನಾಕಾರದ ದೊಡ್ಡ ಹರಳುಗಳಾಗಿ ಘನೀಭವಿಸುವುದು, ಸಕ್ಕರೆಯಂತೆ ಒಂದಕ್ಕೊಂದು ಅಂಟದ ಆ ಪದರದ ಮೇಲೆ ಗಟ್ಟಿಯಾದ ಹಿಮದ ಹಾಸು ಕುಳಿತಾಗ, ಒಬ್ಬ ಮನುಷ್ಯನ ಭಾರವೂ ಅದನ್ನು ಜಾರಿಸಲು ಸಾಕಾಗಬಹುದು. ಈ ಪರೀಕ್ಷೆಗಳ ಫಲವನ್ನು ಒಳಗೊಂಡ ಗ್ರಂಥ 1939ರಲ್ಲಿ ಹೊರಬಿದ್ದಿತು.

1951ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡೊಂದರಲ್ಲಿಯೇ 98 ಮಂದಿ ಹಿಮಕುಸಿತಕ್ಕೆ ಆಹುತಿಯಾದರು. 1955ರಲ್ಲಿ ಆಡೋಲ್ಫ್ ಫೆಲ್ಮಿ, ನೆಲದ ತಿಕ್ಕಾಟದಿಂದ ಒಂದು ಭಾಗವೂ ವೇಗದ ವರ್ಗಕ್ಕೆ ಅನುಗುಣವಾಗಿ ಇನ್ನೊಂದು ಭಾಗವೂ ಒದಗುವ ಪ್ರತಿರೋಧವನ್ನು ಊಹಿಸಿ, ಧಾವಿಸುವ ಹಿಮದ ವೇಗವನ್ನೂ ಹೊಡೆತವನ್ನೂ ಲೆಕ್ಕಹಾಕುವ ಸೂತ್ರ ಕೊಟ್ಟನು. ಅಪಾಯದ ನಕ್ಷೆಗಳಿಗೆ ಆಧಾರ ದೊರೆತಂತಾಯಿತು. ಕೆಂಪು ವಲಯದಲ್ಲಿ ಮನೆ ಕಟ್ಟುವಂತಿಲ್ಲ, ನೀಲಿಯಲ್ಲಿ ಗೋಡೆಯನ್ನು ಬಲಪಡಿಸಿ ಕಟ್ಟಬಹುದು. ನಕ್ಷೆಯ ಬಣ್ಣಕ್ಕೆ ಹಿಮ ಅಂಜುವುದೆಂದಲ್ಲ: 1999ರ ಫೆಬ್ರುವರಿ 23ರಂದು ಆಸ್ಟ್ರಿಯದ ಗಾಲ್ಟ್ಯೂರ್‌ನಲ್ಲಿ, ನಿರಪಾಯವೆಂದು ಗುರುತಾಗಿದ್ದ ಬೀದಿಗೇ ಹಿಮ ನುಗ್ಗಿ 31 ಜನ ಸತ್ತರು.

ಇಷ್ಟರಲ್ಲಿ ಭೂಗೋಳಜ್ಞರು ಇನ್ನೊಂದು ತೊಡಕನ್ನು ಎತ್ತಿದ್ದರು. ಬರ್ನ್ ವಿಶ್ವವಿದ್ಯಾಲಯದ ಬ್ರೂನೋ ಮೆಸ್ಸರ್ಲಿಯೂ ಜ್ಯಾಕ್ ಐವ್ಸನೂ ನೇಪಾಳದ ಬೆಟ್ಟಗಳಲ್ಲಿ ಅಪಾಯದ ನಕ್ಷೆಗಳನ್ನು ತಯಾರಿಸುವ ಕಾರ್ಯದಿಂದ ಅನುಭವ ಗಳಿಸಿ, ಹಿಮಾಲಯದ ಕುಸಿತಗಳಿಗೆಲ್ಲ ಮರ ಕಡಿಯುವ ರೈತನ ಅಜ್ಞಾನವೇ ಮೂಲವೆಂಬ ರೂಢವಾದವನ್ನು 1989ರ ಗ್ರಂಥದಲ್ಲಿ ಪ್ರಶ್ನಿಸಿದರು. ಜರಿದ ಮೆಟ್ಟಿಲುಗದ್ದೆಯನ್ನು ಮತ್ತೆ ಕಟ್ಟಿ ಉಳುವವನನ್ನು ಅಜ್ಞಾನಿಯೆನ್ನುವುದು ಸುಲಭವಲ್ಲ.

2025ರ ಮೇ 19ರಂದು ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಗ್ರಾಮದ ಸುಮಾರು 300 ಜನರನ್ನು, ಮೇಲಣ ಬೆಟ್ಟದ ಚಲನೆಯನ್ನು ಕಂಡು ತೆರವುಗೊಳಿಸಲಾಯಿತು. 28ರಂದು ಬಂಡೆಯ ಭಾರ ಹೊತ್ತ ಬಿರ್ಚ್ ಹಿಮನದಿ ಕುಸಿದು ಊರಿನ ಬಹುಭಾಗವನ್ನು ಮುಚ್ಚಿತು; ತೆರವಾದ ಎಲ್ಲೆಯ ಹೊರಗಿದ್ದ ಒಬ್ಬನು ಸತ್ತನು. ರಾಶಿಯ ಹಿಂದೆ ಲೋನ್ಝಾ ನದಿ ಕಟ್ಟಿ ನಿಂತು, ಉಳಿದಿದ್ದ ಮನೆಗಳೊಳಕ್ಕೂ ನೀರು ಏರಿತು.