ವಿರೂಪಾಕ್ಷನ ತೇರುಬೀದಿ

ಗುಡ್ ಫ್ರೈಡೇಯಿಂದ ಈಸ್ಟರ್ ಭಾನುವಾರದವರೆಗೆ ಕಾಲೇಜಿಗೆ ಮೂರು ದಿನಗಳ ರಜೆ. ಹೊಸಪೇಟೆಯಲ್ಲಿರುವ ನಮ್ಮ ಭಾವನವರು ಬಹಳ ದಿನಗಳಿಂದ ಕರೆಯುತ್ತಿದ್ದರು. ಸಂಸಾರ ಸಮೇತ ಹೊರಟೆವು. ಈಸ್ಟರ್ ಕೂಡ ನಮ್ಮ ಹಬ್ಬಗಳಂತೆ ಹುಣ್ಣಿಮೆಯನ್ನು ನೋಡಿಕೊಂಡೇ ಬರುವಂಥದು. ಆ ವರ್ಷ ಅದು ದವನದ ಹುಣ್ಣಿಮೆಯ ಬೆನ್ನಿಗೇ ಬಂದಿತ್ತು. ಹಂಪಿಯಲ್ಲಿ ವಿರೂಪಾಕ್ಷ, ಪಂಪಾದೇವಿಯರ ಜೋಡಿ ತೇರು ಎಳೆಯುವುದೂ ಚೈತ್ರದಲ್ಲೇ. ನಾವು ಹೋಗುವಷ್ಟರಲ್ಲಿ ತೇರು ಮುಗಿದಿತ್ತು. ಭಕ್ತರು ಎಸೆದ ಬಾಳೆಹಣ್ಣು, ದವನ ಬೀದಿಯಲ್ಲಿ ಇನ್ನೂ ಬಿದ್ದಿದ್ದವು.

ಹಂಪಿಗೆ ಹೋಗುವವರು ಸಾಮಾನ್ಯವಾಗಿ ಹಾಳನ್ನು ನೋಡಲು ಹೋಗುತ್ತಾರೆ. ವಿರೂಪಾಕ್ಷನ ಗುಡಿ ಹಾಳಲ್ಲ. ವಿಜಯನಗರ ಹುಟ್ಟಿದ್ದು 14ನೆಯ ಶತಮಾನದಲ್ಲಿ. ಅದಕ್ಕೂ ಎಷ್ಟೋ ಮೊದಲೇ ಹರಿಹರ ಕವಿ ಈ ದೇವರನ್ನು ಮನಸಾರೆ ಹಾಡಿದ್ದನು. ಮುಂದೆ ಬಂದ ಸಂಗಮ ವಂಶದ ಅರಸರು ಸಂಸ್ಕೃತ ಶಾಸನಗಳ ಕೊನೆಯಲ್ಲಿಯೂ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಒಪ್ಪ ಹಾಕುತ್ತಿದ್ದರು. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಇಲ್ಲಿ ರಂಗಮಂಟಪವನ್ನು ಕಟ್ಟಿಸಿದ ಸಂಗತಿಯನ್ನು ಗುಡಿಯ ಶಾಸನವೇ ಹೇಳುತ್ತದೆ. 1565ರ ಯುದ್ಧದ ತರುವಾಯ ಅರಮನೆಗಳು ಉರುಳಿದವು, ವಿಠ್ಠಲನ ಗುಡಿಯ ಪೂಜೆ ನಿಂತಿತು. ವಿರೂಪಾಕ್ಷನ ಗಂಟೆ ಈಗಲೂ ಕೇಳುತ್ತದೆ.

1520ರ ಸುಮಾರಿಗೆ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ನಗರವನ್ನು ಕಂಡು, ರೋಮಿನಷ್ಟು ದೊಡ್ಡದೆಂದು ಬರೆದನು. ಅವನು ಈಸ್ಟರ್ ಆಚರಿಸುವ ಮತದವನು, ಪರದೇಶಿ. ಆದರೂ ಅವನ ಕಣ್ಣಿಗೆ ಬಿದ್ದದ್ದು ಗುಡಿಯೊಂದೇ ಅಲ್ಲ. ಅದರ ಮುಂದಿನ ಬೀದಿಯ ಚೆಲುವಾದ ಮನೆಗಳನ್ನೂ ಅಲ್ಲಿ ತಂಗುವ ಯಾತ್ರಿಕರನ್ನೂ ಅವನು ಮರೆಯದೆ ಬಣ್ಣಿಸಿದನು.

ಈಗ ಆ ಬೀದಿಯ ಸಾಲುಮಂಟಪಗಳು ಬರಿದಾಗಿವೆ. ಗೋಪುರದ ಬಳಿ ಹೂ ಮಾರುತ್ತಿದ್ದ ಮುದುಕಿಯನ್ನು ನನ್ನ ಹೆಂಡತಿ ಮಾತಾಡಿಸಿದಳು.

“ಯಾವೂರಮ್ಮ ನಿಮ್ದು?”

“ಈಗ ಕಡ್ಡಿರಾಂಪುರ ರೀ. ಮೊದ್ಲು ಅಗೋ, ಆ ಕಂಬದ ಹತ್ರ ನಮ್ಮನಿ ಇತ್ತು” ಎಂದು ಮುದುಕಿ ಕೈ ತೋರಿಸಿದಳು.

2011ರ ಜುಲೈಯಲ್ಲಿ ಈ ಬೀದಿಯ ಮನೆ, ಅಂಗಡಿಗಳನ್ನು ತೆರವು ಮಾಡಿಸಿದರು. ಹಂಪಿ 1986ರಿಂದ ವಿಶ್ವಪರಂಪರೆಯ ತಾಣ. ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿದರೆ ಕಲ್ಲು ಉಳಿಯದೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಇತಿಹಾಸವನ್ನು ಪ್ರೀತಿಸುವ ನಾನೂ ಆ ಮಾತನ್ನು ಆಡಿದವನೇ. ಆದರೆ ಆ ಮುದುಕಿಯ ಕೈ ತೋರಿದತ್ತ ನೋಡಿದಾಗ ಸಂದೇಹ ಬಂತು. ವಿಠ್ಠಲನ ಗುಡಿಯೂ ಕಲ್ಲೇ, ಇದೂ ಕಲ್ಲೇ. ಅದು ಮೂಕವಾಗಿ ಇದು ಬದುಕಿ ಉಳಿದದ್ದು ಹೂ ಕಟ್ಟುವವರಿಂದ, ತೇರು ಎಳೆಯುವವರಿಂದ, ಬೀದಿಯಲ್ಲಿ ಒಲೆ ಹೊತ್ತಿಸಿದವರಿಂದ ಅಲ್ಲವೆ? ಪಾಯಸ್ ಕಂಡದ್ದನ್ನು ಕಾಪಾಡುತ್ತೇವೆಂದು ಅವನು ಕಂಡದ್ದರಲ್ಲಿ ಅರ್ಧವನ್ನು ಹೊರಗೆ ಕಳಿಸಿದಂತಾಯಿತು.

ಸಂಜೆಯಾಗುತ್ತಿತ್ತು. ಮುದುಕಿ ಬುಟ್ಟಿ ಎತ್ತಿಕೊಂಡಳು. “ಇಷ್ಟು ದೂರ ದಿನಾ ಬರಬೇಕೇನಮ್ಮ?” ಎಂದೆ.

“ಬರದಿದ್ರ ಹ್ಯಾಂಗ್ರೀ? ನಾಳೆನೂ ಸ್ವಾಮಿಗೆ ಹೂ ಬೇಕಲ್ಲ?” ಎಂದು ಆಕೆ ಊರಿನ ದಾರಿ ಹಿಡಿದಳು.